ಹೆಣ್ಣುಮಗುವಿನ ಹೆಸರು: ಕಿವಿಗೆ ಹೇಗೆ ಕೇಳುತ್ತದೆ, ಕಣ್ಣ ಮುಂದೆ ಯಾರನ್ನು ತರುತ್ತದೆ? ಹಂತ ಹಂತವಾಗಿ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಹೆಸರುಗಳ ಪಟ್ಟಿ ಮಾಡುವುದು ಯಾರಿಗೂ ಕಷ್ಟವಲ್ಲ. ಆ ಪಟ್ಟಿಯಿಂದ ಒಂದನ್ನು ಆರಿಸುವ ಹೊತ್ತಿಗೆ ಮಾತ್ರ ಮನೆಮಂದಿಯೆಲ್ಲ ಸುಸ್ತಾಗಿರುತ್ತಾರೆ. ಬಹಳ ಜನ ಎಡವುವುದು ಒಂದೇ ಜಾಗದಲ್ಲಿ. ಏಳೆಂಟು ಹೆಸರನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿ "ಯಾವುದು ಚೆನ್ನಾಗಿದೆ ಹೇಳಿ" ಎಂದು ಕೇಳುತ್ತಾರೆ. ಚಿಕ್ಕಮ್ಮನಿಗೆ ಒಂದು ಹಿಡಿಸುತ್ತದೆ, ನಾದಿನಿಗೆ ಇನ್ನೊಂದು, ಆಫೀಸಿನ ಗೆಳತಿಗೆ ಎರಡೂ ಬೇಡ. ನಾಮಕರಣದ ಹಿಂದಿನ ರಾತ್ರಿ, ಯಾರೂ ಜೋರಾಗಿ ಬೇಡ ಎನ್ನದ ಹೆಸರೊಂದು ಉಳಿದುಕೊಳ್ಳುತ್ತದೆ. ಆರು ತಿಂಗಳಾದ ಮೇಲೆ ಅಜ್ಜಿಯ ಬಾಯಲ್ಲಿ ಅದು ಹೊರಳುವುದಿಲ್ಲ, ಬ್ಯಾಂಕಿನಲ್ಲಿ ಎರಡು ಸಲ ಬಿಡಿಸಿ ಹೇಳಬೇಕಾಗುತ್ತದೆ, ಎದುರುಮನೆಯ ಹುಡುಗರು ಅದಕ್ಕೊಂದು ಪ್ರಾಸ ಕಟ್ಟಿರುತ್ತಾರೆ.

ಅಭಿಪ್ರಾಯ ಕೇಳಲೇಬೇಕು. ಆದರೆ ಎಲ್ಲ ಮುಗಿದ ಮೇಲೆ, ಕೆಲವರನ್ನು ಮಾತ್ರ, "ಹೇಗಿದೆ?" ಎಂಬುದನ್ನು ಬಿಟ್ಟು ಬೇರೆ ಪ್ರಶ್ನೆಯಿಂದ ಕೇಳಬೇಕು. ಹೆಸರನ್ನು ಮೊದಲು ಬಾಯಲ್ಲಿ ಆಡಿಸಿ, ಆಮೇಲೆ ಬರೆದು, ಆಮೇಲೆ ಅರ್ಥ ನೋಡಿ, ಅದು ಮೂಡಿಸುವ ಚಿತ್ರವನ್ನು ತೂಗಿ, ಕೊನೆಗೆ ಜನರ ಮುಂದಿಡಿ. ಈ ಕ್ರಮ ತಪ್ಪಿದರೆ ಉಳಿದ ಶ್ರಮವೆಲ್ಲ ವ್ಯರ್ಥ.

ಮೊದಲು ಕೈಯಲ್ಲಿರಬೇಕಾದವು

ಒಂದು ನೋಟ್‌ಬುಕ್ಕು. ಧ್ವನಿ ಮುದ್ರಿಸುವ ಫೋನು. ನಕ್ಷತ್ರ ನೋಡುವ ಮನೆಯಾದರೆ ಜನ್ಮನಕ್ಷತ್ರ ಮತ್ತು ಪಾದ ಬರೆದ ಚೀಟಿ. ಮಗುವಿನ ಹೆಸರಿನ ಜೊತೆ ಬರಲಿರುವ ಇನಿಷಿಯಲ್ ಅಥವಾ ಮನೆತನದ ಹೆಸರು. ಒಂದು ಒಳ್ಳೆಯ ನಿಘಂಟು: ಕನ್ನಡ ಪದವಾದರೆ ಕನ್ನಡ ಸಾಹಿತ್ಯ ಪರಿಷತ್ತಿನದೋ ಕಿಟ್ಟೆಲ್ಲರದೋ ಸಾಕು, ಸಂಸ್ಕೃತದ್ದಾದರೆ ಸಂಸ್ಕೃತ ನಿಘಂಟು. ಮಕ್ಕಳ ಹೆಸರಿನ ಜಾಲತಾಣಗಳನ್ನು ಹೆಸರು ಹುಡುಕಲು ಬಳಸಿ, ಅರ್ಥ ತಿಳಿಯಲು ಬಳಸಬೇಡಿ. ಕಾರಣ ಹಂತ 6ರಲ್ಲಿದೆ.

ಸಮಯವೂ ಬೇಕು. ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನಕ್ಕೆ ತೊಟ್ಟಿಲು ಶಾಸ್ತ್ರ ಮಾಡುವ ಮನೆಗಳಲ್ಲಿ ನಕ್ಷತ್ರದ ಅಕ್ಷರ ಕಡ್ಡಾಯವಲ್ಲದಿದ್ದರೆ ಹಂತ 1ರಿಂದ 4ರವರೆಗಿನದನ್ನು ಹೆರಿಗೆಗೆ ಮುಂಚೆಯೇ ಮುಗಿಸಿಡಿ. ಬಾಣಂತಿಯ ಕೋಣೆಯಲ್ಲಿ ಕೂತು ಈ ಚರ್ಚೆ ಮಾಡಬಾರದು, ಆಕೆಗೆ ನಿದ್ದೆ ಬೇಕು.

ಹಂತ 1: ಬೇಲಿ ಎಲ್ಲಿದೆ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ

ಗಂಡ ಹೆಂಡತಿ ಇಬ್ಬರೇ ಕೂತು ಎರಡು ವಿಷಯ ಬರೆದುಕೊಳ್ಳಿ. ಯಾವುದು ಕಡ್ಡಾಯ? ಯಾರ ಮಾತಿಗೆ ಹೆಸರನ್ನು ತಳ್ಳಿಹಾಕುವ ಹಕ್ಕಿದೆ? ಅಕ್ಷರ, ಮನೆದೇವರು, ತೀರಿಹೋದ ಅಜ್ಜಿಯ ಹೆಸರು, ಇವುಗಳಲ್ಲಿ ಯಾವುದನ್ನು ಬಿಡಲಾಗದು ಎಂಬುದು ಮೊದಲ ದಿನವೇ ತೀರ್ಮಾನವಾಗಬೇಕು. ಇಷ್ಟಪಟ್ಟ ಹೆಸರಿಗೆ ಒಗ್ಗಿಕೊಂಡ ಮೇಲೆ "ಅಯ್ಯೋ, ಇವಳದ್ದು ಸ್ವಾತಿ ನಕ್ಷತ್ರ, 'ರು ರೆ ರೊ ತ'ದಲ್ಲೇ ಬರಬೇಕು" ಎಂದು ಗೊತ್ತಾಗುವುದು ಬಹಳ ಮನೆಗಳಲ್ಲಿ ನಡೆಯುತ್ತದೆ, ನೋವೂ ಆಗುತ್ತದೆ.

ಇಪ್ಪತ್ತೇಳು ನಕ್ಷತ್ರಕ್ಕೆ ನಾಲ್ಕು ನಾಲ್ಕು ಪಾದದಂತೆ 108 ಅಕ್ಷರಗಳ ಪಟ್ಟಿ ಪಂಚಾಂಗದಲ್ಲಿರುತ್ತದೆ. ಅದರಲ್ಲಿ ಕೆಲವು ಅಕ್ಷರಗಳಿಂದ ಹೆಸರೇ ಹುಟ್ಟುವುದಿಲ್ಲ. ಆರ್ದ್ರಾದಲ್ಲಿ 'ಙ' ಇದೆ, ಹಸ್ತದಲ್ಲಿ 'ಣ' ಇದೆ. ಇಂಥಲ್ಲಿ ಹಟ ಹಿಡಿದು ವಿಚಿತ್ರ ಹೆಸರು ಕಟ್ಟಬೇಡಿ. ಶಾಸ್ತ್ರದ ನಾಮಕರಣದಲ್ಲೇ ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕನಾಮ ಎಂದು ಬೇರೆ ಬೇರೆ ಹೆಸರುಗಳಿವೆ. ನಕ್ಷತ್ರದ ಹೆಸರು, ಅಜ್ಜಿಯ ಹೆಸರು, ಮನೆದೇವರ ಹೆಸರು ಎಲ್ಲವನ್ನೂ ತೊಟ್ಟಿಲಲ್ಲಿ ಮಗುವಿನ ಕಿವಿಯಲ್ಲಿ ಹೇಳಿ, ಕರೆಯುವ ಮತ್ತು ಕಾಗದಕ್ಕೆ ಹೋಗುವ ಹೆಸರನ್ನು ಬೇರೆ ಇಡಬಹುದು. ಹಿರಿಯರ ಜೊತೆ ಬರುವ ಜಗಳದ ಹೆಚ್ಚುಪಾಲು ಇಷ್ಟರಲ್ಲೇ ತಣ್ಣಗಾಗುತ್ತದೆ. ಅಕೀಕಾ ಮಾಡುವ ಮುಸ್ಲಿಂ ಮನೆ, ಜ್ಞಾನಸ್ನಾನ ಮಾಡಿಸುವ ಕ್ರೈಸ್ತ ಮನೆಗಳಲ್ಲಿ ಬೇಲಿ ಬೇರೆ ಇರಬಹುದು, ಮುಂದಿನ ಹಂತಗಳು ಎಲ್ಲರಿಗೂ ಒಂದೇ.

ಹಂತ 2: ಪಟ್ಟಿಯನ್ನು ಐದಕ್ಕೆ ಇಳಿಸಿ

ಇಬ್ಬರೂ ಬೇರೆ ಬೇರೆ ಕೂತು ಹತ್ತತ್ತು ಹೆಸರು ಬರೆಯಿರಿ. ಇಬ್ಬರಲ್ಲೂ ಇರುವವು ಉಳಿಯಲಿ. ಒಬ್ಬರಿಗೆ ಬೇಡವೇ ಬೇಡ ಅನ್ನಿಸಿದ್ದು ಹೋಗಲಿ, ವಾದ ಬೇಡ. ಐದಕ್ಕಿಂತ ಹೆಚ್ಚು ಉಳಿದರೆ ಮುಂದಿನ ಪರೀಕ್ಷೆಗಳು ಜಾರುತ್ತವೆ, ಯಾವ ಹೆಸರಿಗೆ ಏನನ್ನಿಸಿತು ಎಂಬುದೇ ಮರೆತುಹೋಗುತ್ತದೆ. ಇಲ್ಲಿ ಉದಾಹರಣೆಗೆ ನಾಲ್ಕು ಹೆಸರು ಇಟ್ಟುಕೊಳ್ಳುತ್ತೇನೆ: ಶಾಂತಲಾ, ಇಂಚರ, ಸ್ಫೂರ್ತಿ, ನಾಯ್ರಾ.

ಹಂತ 3: ಬಾಯಲ್ಲಿ ಪರೀಕ್ಷೆ

ಇಡೀ ಕೆಲಸದ ಜೀವ ಇದೇ. ಹೆಸರನ್ನು ಜನ ಬರೆದದ್ದಕ್ಕಿಂತ ಹತ್ತುಪಟ್ಟು ಹೆಚ್ಚು ಕೂಗುತ್ತಾರೆ. ಆದರೂ ಬಹುತೇಕ ತಂದೆತಾಯಿ ಅದನ್ನು ಪರದೆಯ ಮೇಲೆ ಓದಿ, ಮನಸ್ಸಿನಲ್ಲೇ ಹೇಳಿಕೊಂಡು ಒಪ್ಪಿಬಿಡುತ್ತಾರೆ.

ಮೊದಲು ಕೂಗಿ ನೋಡಿ. ಒಬ್ಬರು ಅಡುಗೆಮನೆಯಲ್ಲಿ, ಇನ್ನೊಬ್ಬರು ತಾರಸಿಯ ಮೇಲೆ ನಿಲ್ಲಿ. ದೂರಕ್ಕೆ ಕರೆಯುವಾಗ ಕನ್ನಡದ ಬಾಯಿ ಕೊನೆಯ ಸ್ವರವನ್ನು ಎಳೆಯುತ್ತದೆ: "ಶಾಂತಲಾಽಽ". ಎಳೆಯಲು ಸ್ವರ ಇಲ್ಲದಿದ್ದರೆ ಕೂಗು ನಿಂತುಹೋಗುತ್ತದೆ. ಹೆಣ್ಣುಮಗುವಿನ ಹೆಸರು ದೀರ್ಘ ಸ್ವರದಲ್ಲಿ ಮುಗಿಯಬೇಕು, ಅಕ್ಷರಗಳು ಬೆಸಸಂಖ್ಯೆಯಲ್ಲಿರಬೇಕು ಎಂದು ಹಿರಿಯರು ಹೇಳುವುದನ್ನು ಕೇಳಿರಬಹುದು. ಬೆಸಸಂಖ್ಯೆಯನ್ನು ನಿಮ್ಮ ನಂಬಿಕೆಗೆ ಬಿಡುತ್ತೇನೆ. ದೀರ್ಘ ಸ್ವರದ ಮಾತು ಮಾತ್ರ ಕೂಗಿದ ಕೂಡಲೇ ಸತ್ಯವಾಗಿ ಕೇಳಿಸುತ್ತದೆ.

ಎರಡನೆಯದು, ವಿಭಕ್ತಿ ಹಚ್ಚಿ ಮಾತಾಡಿ. "—ಗೆ ಊಟ ಆಯ್ತಾ?", "—ನ್ನ ಕರ್ಕೊಂಡು ಬಾ", "ಇದು —ದು" ಎಂಬ ಮೂರು ವಾಕ್ಯ ಸಾಕು. ಇಕಾರದಲ್ಲಿ ಮುಗಿಯುವ ಹೆಸರುಗಳು ಇಲ್ಲಿ ನೀರು ಹರಿದಂತೆ ಹರಿಯುತ್ತವೆ: ಭಾರತಿಗೆ, ಭಾರತಿಯನ್ನ, ಭಾರತೀದು. 'ಇಂಚರ'ದಂತೆ ಹ್ರಸ್ವ ಅಕಾರದಲ್ಲಿ ನಿಲ್ಲುವ ಹೆಸರುಗಳು ತೊಡಕು ಕೊಡುತ್ತವೆ. ವಸ್ತುವಾಚಕವಾಗಿ ಅದು 'ಇಂಚರಕ್ಕೆ', ಮಗುವಾದರೆ 'ಇಂಚರಾಗೆ' ಅಥವಾ 'ಇಂಚರಳಿಗೆ'. ಮನೆಯಲ್ಲಿ ಒಂದು ರೂಪ ಗಟ್ಟಿಮಾಡಿಕೊಂಡರೆ ತೊಂದರೆ ಇಲ್ಲ. ಸಿಂಚನ, ಸ್ಪಂದನ, ಚಿಂತನ ಎಲ್ಲದಕ್ಕೂ ಇದೇ ಮಾತು. ಕೊನೆಯಲ್ಲಿ ದೀರ್ಘವೋ ಹ್ರಸ್ವವೋ ಎಂಬುದನ್ನು ಈಗಲೇ ನಿರ್ಧರಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಮೂರನೆಯದು, ಪಕ್ಕದ ಪದಗಳನ್ನು ಹುಡುಕಿ. ಬೇರೆ ನುಡಿಯಿಂದ ಬಂದ ಹೆಸರುಗಳು ಕನ್ನಡದ ಮಾತಿನ ನಡುವೆ ಇನ್ನೇನೋ ಆಗಿ ಕೇಳಿಸಬಹುದು. "ನಾಯ್ರಾಗೆ ಊಟ ಹಾಕಿದ್ರಾ?" ಎಂಬುದನ್ನು ಸ್ವಲ್ಪ ವೇಗವಾಗಿ ಹೇಳಿ ನೋಡಿ, ಪಕ್ಕದ ಮನೆಯವರಿಗೆ 'ನಾಯಿಗೆ' ಎಂದೇ ಕೇಳಿಸುತ್ತದೆ. 'ಯಾರಾ' ಎಂದು ಕರೆದರೆ ಪ್ರಶ್ನೆ ಕೇಳಿದಂತಾಗುತ್ತದೆ. 'ನೀನಾ' ಎಂದರೂ ಅದೇ ಕಥೆ. 'ಮೀಶಾ' ಹಳ್ಳಿಯ ಬಾಯಲ್ಲಿ 'ಮೀಸೆ'ಗೆ ಬಹಳ ಹತ್ತಿರ. ಈ ಹೆಸರುಗಳಲ್ಲಿ ಕೆಟ್ಟದ್ದೇನೂ ಇಲ್ಲ, ದಿಲ್ಲಿಯಲ್ಲೋ ದುಬೈಯಲ್ಲೋ ಅವು ಸೊಗಸಾಗಿಯೇ ಕೇಳುತ್ತವೆ. ಆದರೆ ಮಗು ದಾವಣಗೆರೆಯಲ್ಲೋ ತುಮಕೂರಿನಲ್ಲೋ ಕನ್ನಡ ಮಾತಾಡುವ ಮಕ್ಕಳ ಜೊತೆ ಬೆಳೆಯುವುದಾದರೆ ಇದು ಎಚ್ಚರಿಕೆಯ ಗುರುತು. ನನ್ನ ಪಟ್ಟಿಯಿಂದ 'ನಾಯ್ರಾ' ಇಲ್ಲಿಗೇ ಹೊರಗೆ.

ನಾಲ್ಕನೆಯದು, ನಿಮ್ಮ ಸೀಮೆಯ ಉಚ್ಚಾರ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಮಾತಿನ ಮೊದಲ ಹಕಾರ ಜಾರುತ್ತದೆ, ಹಂಸಾ 'ಅಂಸಾ' ಆಗುತ್ತಾಳೆ, ಹರಿಣಿ 'ಅರಿಣಿ'. ಶಕಾರ ಬಹಳ ಕಡೆ ಸಕಾರವಾಗುತ್ತದೆ, ಶಾಂತಲಾ 'ಸಾಂತಲಾ'. ಮಹಾಪ್ರಾಣ ಅಲ್ಪಪ್ರಾಣವಾಗಿ ಧನ್ಯಾ 'ದನ್ಯಾ' ಆದರೆ ದನದ ನೆನಪು ಬರುತ್ತದೆ. ಪದದ ಮೊದಲಲ್ಲೇ ಒತ್ತಕ್ಷರ ಬಂದರೆ ನಡುವೆ ಒಂದು ಸ್ವರ ನುಸುಳುತ್ತದೆ, ಸ್ನೇಹಾ 'ಸನೇಹಾ', ಸ್ಮಿತಾ 'ಸುಮಿತಾ'. ಲಕ್ಷ್ಮಿಯನ್ನು ನಮ್ಮ ಜನ ಲಕುಮಿ, ಲಚ್ಚಿ, ಲಚ್ಮಿ ಎಂದು ತಿದ್ದಿಕೊಂಡು ಎಷ್ಟು ಪ್ರೀತಿಯಿಂದ ಕರೆದಿದ್ದಾರೆ! ಆದ್ದರಿಂದ ಉಚ್ಚಾರ ಬದಲಾಗುವುದೇ ದೋಷವಲ್ಲ. ಬದಲಾದ ರೂಪ ನಿಮ್ಮ ಕಿವಿಗೆ ಒಪ್ಪುತ್ತದೆಯೇ, ಅದರಿಂದ ಬೇರೆ ಅರ್ಥ ಹುಟ್ಟುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಸಾಂತಲಾ ಎಂದರೂ ಅದು ಶಾಂತಲಾಳೇ, ಯಾರೂ ತಪ್ಪು ತಿಳಿಯುವುದಿಲ್ಲ.

ಐದನೆಯದು, ಮಕ್ಕಳ ಪ್ರಾಸ. ಕನ್ನಡದ ಮಕ್ಕಳು ಯಾವ ಹೆಸರಿಗಾದರೂ ಮೊದಲು ಮಾಡುವುದು 'ಗಿ' ಹಚ್ಚುವುದನ್ನು: ಪುಸ್ತಕ ಗಿಸ್ತಕದ ಹಾಗೆ ಶಾಂತಲಾ ಗೀಂತಲಾ, ಇಂಚರ ಗಿಂಚರ. ಇದು ಎಲ್ಲ ಹೆಸರಿಗೂ ತಪ್ಪಿದ್ದಲ್ಲ. ಆದರೆ ಹಾಗೆ ಹಚ್ಚಿದಾಗ ಬೈಗುಳವೋ ಅಸಹ್ಯವೋ ಆಗುವಂತಿದ್ದರೆ ಈಗಲೇ ತಿಳಿದಿರಲಿ.

ಅಕ್ಕ ಇದ್ದರೆ ಇಬ್ಬರ ಹೆಸರನ್ನೂ ಒಂದೇ ಉಸಿರಿನಲ್ಲಿ ಕೂಗಿ. ಅನನ್ಯಾ ಮತ್ತು ಅನ್ವಿತಾ ಒಂದೇ ಮನೆಯಲ್ಲಿದ್ದರೆ ಇಬ್ಬರೂ 'ಅನೂ' ಆಗುತ್ತಾರೆ, ಕರೆದಾಗ ಇಬ್ಬರೂ ಬರುತ್ತಾರೆ, ಇಲ್ಲವೇ ಇಬ್ಬರೂ ಬರುವುದಿಲ್ಲ.

ಹಂತ 4: ಕುಗ್ಗಿಸಿ, ಹಿಗ್ಗಿಸಿ ನೋಡಿ

ನಾಲ್ಕು ಅಕ್ಷರದ ಹೆಸರು ಮನೆಯೊಳಗೆ ಎರಡಕ್ಕೆ ಇಳಿಯುತ್ತದೆ. ಪದ್ಮಾವತಿ ಪದ್ದು, ಸರಸ್ವತಿ ಸರಸು. ಗಾಯತ್ರಿ 'ಗಾಯೂ' ಆಗುವುದುಂಟು, ಅಲ್ಲಿ ಗಾಯ ಕೇಳಿಸುತ್ತದೆ. ಮೀನಾಕ್ಷಿ ಶಾಲೆಯಲ್ಲಿ 'ಮೀನು' ಆಗುವುದು ಬಹುತೇಕ ಖಚಿತ. ಇದು ಸರಿಯೋ ತಪ್ಪೋ ಎನ್ನುವುದಕ್ಕಿಂತ, ಮುದ್ದಿನ ಹೆಸರನ್ನು ನೀವೇ ಮೊದಲು ಕರೆಯಲು ಶುರುಮಾಡಿ. ನೀವು ಇಡದಿದ್ದರೆ ಬೇರೆಯವರು ಇಡುತ್ತಾರೆ.

ಹಿಗ್ಗಿಸಿಯೂ ನೋಡಿ. ಶಾಂತಲಕ್ಕ, ಶಾಂತಲಾ ಟೀಚರ್, ಡಾಕ್ಟರ್ ಶಾಂತಲಾ, ಶಾಂತಲಾ ಅಜ್ಜಿ. ಮಗುವಿಗೆ ಇಡುವ ಹೆಸರನ್ನು ಮಗು ಹೊರುವುದು ಕೆಲವೇ ವರ್ಷ, ಹೆಂಗಸು ಹೊರುವುದು ಬಹಳ ವರ್ಷ. 'ಚಿನ್ನು', 'ಪರಿ', 'ಬೇಬಿ' ಎಂಬವು ತೊಟ್ಟಿಲಿಗೆ ಚೆಂದ. ಕಾಗದಕ್ಕೆ ಅವನ್ನು ಹಾಕಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಂತ 5: ಬರೆದು ನೋಡಿ

ಕನ್ನಡದಲ್ಲಿ ಬರೆಯುವಾಗ ಮೂರು ಜಾಗ ನೋಡಿ: ಕೊನೆಯ ದೀರ್ಘ, ಮಹಾಪ್ರಾಣ, ಶ-ಷ. 'ಸ್ಫೂರ್ತಿ'ಯನ್ನು ಹತ್ತು ಜನರಿಗೆ ಬರೆಯಲು ಹೇಳಿದರೆ ಹಲವರು 'ಸ್ಪೂರ್ತಿ' ಎಂದೇ ಬರೆಯುತ್ತಾರೆ. ಉರ್ದು, ಪಾರ್ಸಿ ಮೂಲದ ಹೆಸರಿನ 'ಜ಼', 'ಫ಼'ಗಳ ಚುಕ್ಕಿಯನ್ನು ಕಚೇರಿಯಲ್ಲಿ ಯಾರೂ ಟೈಪ್ ಮಾಡುವುದಿಲ್ಲ, ಅದು ಬಿದ್ದುಹೋಗುವುದೆಂದೇ ಎಣಿಸಿ.

ಇಂಗ್ಲಿಷ್ ಕಾಗುಣಿತಕ್ಕೆ ಹೆಚ್ಚು ಹೊತ್ತು ಕೊಡಿ, ಕಾಗದಗಳ ತೊಂದರೆ ಹುಟ್ಟುವುದೇ ಇಲ್ಲಿ. ನಮ್ಮ ಕಡೆ 'ತ'ಕ್ಕೆ ಟಿ-ಎಚ್ ಬರೆಯುವ ರೂಢಿ, ಉತ್ತರದವರು ಅದನ್ನೇ 'ಥ' ಎಂದು ಓದುತ್ತಾರೆ. ಎರಡರಲ್ಲಿ ಯಾವುದಾದರೂ ಸರಿ, ಒಂದನ್ನೇ ಹಿಡಿಯಿರಿ. ಸಂಖ್ಯಾಶಾಸ್ತ್ರ ನಂಬುವವರು ಹೆಚ್ಚುವರಿ 'ಎ', 'ಎಚ್' ಸೇರಿಸುವುದಾದರೆ ನೋಂದಣಿಗೆ ಮುಂಚೆಯೇ ಸೇರಿಸಿ. ಜನನ ಪ್ರಮಾಣಪತ್ರದಲ್ಲಿ ಒಂದು 'ಎ', ಆಧಾರ್‌ನಲ್ಲಿ ಎರಡು 'ಎ' ಆದರೆ ಮುಂದೆ ಪ್ರತಿ ಅರ್ಜಿಗೂ ಅಲೆದಾಟ.

ಹೊರದೇಶದಲ್ಲಿರುವ ಕನ್ನಡದವರು ಇನ್ನೊಂದು ನೋಡಬೇಕು. ಹರ್ಷಿತಾ, ಅಕ್ಷಿತಾ, ದೀಕ್ಷಿತಾ ಎಂಬ ಸುಂದರ ಹೆಸರುಗಳ ಇಂಗ್ಲಿಷ್ ಕಾಗುಣಿತದ ನಡುವೆ ಎಸ್-ಎಚ್-ಐ-ಟಿ ಒಟ್ಟಾಗಿ ಬಂದು ಅಲ್ಲಿನ ಮಕ್ಕಳಿಗೆ ಕೆಟ್ಟ ಮಾತಾಗಿ ಕಾಣುತ್ತದೆ. ಕೊನೆಗೊಂದು ಎಚ್ ಸೇರಿಸಿದರೂ ಅದು ಒಡೆಯುವುದಿಲ್ಲ. ಅನುಷಾ, ಅನುಶ್ರೀಯ ಮೊದಲ ನಾಲ್ಕು ಅಕ್ಷರಗಳೂ ಹಾಗೆಯೇ. ಪೂರ್ವಿ, ಪೂರ್ಣಿಮಾಗಳಿಗೆ ಮಾತ್ರ ಸುಲಭದ ದಾರಿ ಇದೆ: ಎರಡು 'ಓ' ಬಿಟ್ಟು 'ಯು' ಬರೆಯಿರಿ. ಮಗು ಶಿವಮೊಗ್ಗದಲ್ಲಿ ಬೆಳೆಯುವುದಾದರೆ ಈ ಚಿಂತೆ ನಿಮಗೆ ಬೇಕಿಲ್ಲ.

ಇನಿಷಿಯಲ್ ಹಚ್ಚಿಯೂ ಓದಿ. ಊರಿನದು ಮತ್ತು ಅಪ್ಪನದು ಸೇರಿ 'ಬಿ.ಪಿ.' ಅಥವಾ 'ಟಿ.ಬಿ.' ಆದರೆ ಹಾಜರಿ ಕೂಗುವಾಗ ಕಾಯಿಲೆಯ ಹೆಸರಾಗುತ್ತದೆ. ಒಂದು ಅಕ್ಷರ ಕೈಬಿಟ್ಟರೆ ಮುಗಿಯಿತು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ಲನ್ನು ಬಿಡಿಸಿ ಬರೆಯಬೇಕಾಗುತ್ತದೆ, ಹಾಗಾಗಿ ವಿಸ್ತರಿಸಿದ ಪೂರ್ತಿ ಹೆಸರನ್ನೂ ಒಮ್ಮೆ ಜೋರಾಗಿ ಓದಿ.

ಹಂತ 6: ಅರ್ಥವನ್ನು ನಿಘಂಟಿನಲ್ಲೇ ನೋಡಿ

ಹೆಸರಿನ ಜಾಲತಾಣಗಳು ಯಾವ ಪದಕ್ಕಾದರೂ "ಲಕ್ಷ್ಮಿಯ ಇನ್ನೊಂದು ಹೆಸರು" ಅಥವಾ "ದೇವರ ವರ" ಎಂದು ಬರೆದುಬಿಡುತ್ತವೆ. ಒಂದು ತಾಣದಿಂದ ಇನ್ನೊಂದಕ್ಕೆ ಅದೇ ತಪ್ಪು ಸಾಗುತ್ತದೆ. 'ತೃಷಾ' ಎಂದರೆ ಬಾಯಾರಿಕೆ, ಆಸೆ. 'ಮೃಷಾ' ಎಂದರೆ ಸುಳ್ಳು. 'ಈಶಾ' ದೇವಿ, 'ಈಷಾ' ನೇಗಿಲಿನ ಅಥವಾ ಗಾಡಿಯ ಮರ. ಬದಲಾದದ್ದು ಒಂದೇ ಅಕ್ಷರ. ತಿಳಿದು ಇಟ್ಟರೆ ಯಾವ ಹೆಸರೂ ತಪ್ಪಲ್ಲ, ತಿಳಿಯದೆ ಇಟ್ಟು ಹದಿನೈದನೆಯ ವಯಸ್ಸಿನಲ್ಲಿ ಮಗಳೇ ನಿಘಂಟು ತೆಗೆದು ಕೇಳಿದಾಗ ಉತ್ತರ ಇರಬೇಕು.

ತಿರುಗುಮುರುಗಾದದ್ದೂ ಇದೆ. 'ಅಪರ್ಣಾ' ಎಂದರೆ ಎಲೆಯಿಲ್ಲದವಳು. ಮೇಲ್ನೋಟಕ್ಕೆ ಬರಡು ಅನ್ನಿಸುತ್ತದೆ, ಆದರೆ ತಪಸ್ಸಿನಲ್ಲಿ ತರಗೆಲೆಯನ್ನೂ ತಿನ್ನದ ಪಾರ್ವತಿಯ ಹೆಸರು ಅದು. ಅರ್ಥದ ಹಿಂದಿನ ಕಥೆ ಗೊತ್ತಿದ್ದರೆ ಮಗಳಿಗೆ ಹೇಳಲು ಏನಾದರೂ ಇರುತ್ತದೆ.

ಸಂಸ್ಕೃತದ ನಿಘಂಟಿನಿಂದಲೇ ಆರಿಸಬೇಕೆಂದೂ ಇಲ್ಲ. ಸಂಪಿಗೆ, ಸುರಗಿ, ಇಬ್ಬನಿ, ನೇಸರ, ಹೊನ್ನಮ್ಮ; ಹೊಳೆಗಳಲ್ಲಿ ಕಾವೇರಿ, ತುಂಗಾ, ಶರಾವತಿ, ಶಾಲ್ಮಲಾ, ಮಲಪ್ರಭಾ. ಇವುಗಳ ಅರ್ಥ ಹುಡುಕಲು ಯಾರ ಬಾಗಿಲಿಗೂ ಹೋಗಬೇಕಿಲ್ಲ.

ಹಂತ 7: ಹೆಸರು ತರುವ ಚಿತ್ರವನ್ನು ತೂಗಿ

ಹೆಸರು ಕೇಳಿದ ಕೂಡಲೇ ಒಬ್ಬಳು ಹೆಣ್ಣುಮಗಳು ಕಣ್ಣಿಗೆ ಕಟ್ಟುತ್ತಾಳೆ. ಅವಳ ವಯಸ್ಸು, ಊರು, ಮನೆತನ, ಸ್ವಭಾವ ಎಲ್ಲವನ್ನೂ ಕೇಳಿದವರು ಅರೆಗಳಿಗೆಯಲ್ಲಿ ಊಹಿಸಿಬಿಡುತ್ತಾರೆ. ಆ ಊಹೆ ಏನೆಂದು ನಿಮಗೆ ಗೊತ್ತಿರಬೇಕು, ಅದಕ್ಕೆ ಬಗ್ಗಬೇಕೆಂದೇನಿಲ್ಲ.

ವಯಸ್ಸನ್ನು ಹೆಸರು ಬೇಗ ಬಿಟ್ಟುಕೊಡುತ್ತದೆ. ಜಯಮ್ಮ, ಶಾರದಮ್ಮ ಎಂದರೆ ಅಜ್ಜಿಯರು. ದಿವ್ಯಾ, ಕಾವ್ಯಾ, ಅಶ್ವಿನಿ, ಶ್ವೇತಾ ಎಂದರೆ ಇಂದಿನ ಅಮ್ಮಂದಿರು. ಆದ್ಯಾ, ಸಾನ್ವಿ, ಆರಾಧ್ಯಾ ಎಂದರೆ ಎಲ್‌ಕೆಜಿಯ ಬೆಂಚು. ಈಗ ಎಲ್ಲರಿಗೂ ಹೊಸದಾಗಿ ಕಾಣುವ ಹೆಸರೇ ಒಂದು ತರಗತಿಯಲ್ಲಿ ಮೂವರಿಗೆ ಇರುತ್ತದೆ, ಆಮೇಲೆ ಅವರು ಆದ್ಯಾ ಎಂ., ಆದ್ಯಾ ಆರ್. ಆಗಿ ಉಳಿಯುತ್ತಾರೆ.

ಸೀಮೆಯಿಂದ ಸೀಮೆಗೆ ಚಿತ್ರ ಬೇರೆ. ಮೈಸೂರಿನ ಕಿವಿಗೆ 'ಅಮ್ಮ' ಸೇರಿದ ಹೆಸರು ಮುದುಕಿಯದು. ಕೊಡಗಿನಲ್ಲಿ ಮುತ್ತಮ್ಮ, ಪೊನ್ನಮ್ಮ, ಬೊಳ್ಳಮ್ಮ ಎಂದರೆ ಯುವತಿಯರೂ ಹೌದು, ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನೀಲವ್ವ, ಗಂಗವ್ವ ಎಂದರೆ ಧಾರವಾಡದ ಕಡೆಯ ವಾತ್ಸಲ್ಯ. ಆರಾಧ್ಯ ಎಂಬುದು ಇಲ್ಲಿನ ಒಂದು ಮನೆತನದ ಹೆಸರೂ ಆಗಿರುವುದರಿಂದ, ಅರ್ಜಿ ಓದುವವರು ಹೆಸರು ಯಾವುದು, ಮನೆತನ ಯಾವುದು ಎಂದು ಗೊಂದಲ ಪಡಬಹುದು.

ಪುರಾಣ, ಇತಿಹಾಸದ ಹೆಸರಿಗೆ ಒಂದು ಆಕ್ಷೇಪ ಬಂದೇ ಬರುತ್ತದೆ: "ಕಷ್ಟಪಟ್ಟವಳ ಹೆಸರು ಬೇಡಮ್ಮ". ಸೀತಾ, ದ್ರೌಪದಿ, ಊರ್ಮಿಳಾ ಎಲ್ಲರ ಮೇಲೂ ಈ ಮಾತಿದೆ. ಶಾಂತಲಾ ಎಂದಾಗ ಒಬ್ಬರಿಗೆ 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ, ನಾಟ್ಯ, ವಿಷ್ಣುವರ್ಧನನ ಪಟ್ಟದರಸಿ ನೆನಪಾಗುತ್ತಾರೆ. ಇನ್ನೊಬ್ಬರಿಗೆ ಶಿವಗಂಗೆಯ ಬೆಟ್ಟದ ತುದಿಯಿಂದ ಅವಳು ಬಿದ್ದಳೆಂಬ ಜನರ ಕಥೆ ನೆನಪಾಗುತ್ತದೆ. ನನ್ನ ತೀರ್ಪು ಹೇಳುತ್ತೇನೆ: ಹೆಸರಿನ ಹಿಂದೆ ಒಬ್ಬ ಗಟ್ಟಿ ಹೆಣ್ಣುಮಗಳಿದ್ದರೆ, ಅವಳ ಕಷ್ಟವೊಂದನ್ನೇ ಮುಂದಿಟ್ಟುಕೊಂಡು ಹೆಸರನ್ನು ಕೈಬಿಡಬಾರದು. ಹೆತ್ತವರ ಮನಸ್ಸಿಗೇ ಅದು ಕೊರೆಯುತ್ತಿದ್ದರೆ ಮಾತ್ರ ಬಿಡಿ.

ಯಾವ ಕಾರಣಕ್ಕೂ ಒಪ್ಪಬಾರದ ಚಿತ್ರ ಒಂದಿದೆ: ಮಗಳು ಬೇಡವಾಗಿದ್ದಳು ಎಂದು ಹೇಳುವ ಹೆಸರು. ಹೆಣ್ಣುಮಕ್ಕಳೇ ಆದ ಮನೆಯಲ್ಲಿ ಇನ್ನು ಸಾಕು ಎಂಬರ್ಥ ಬರುವ ಹೆಸರನ್ನು ಇಡುವ ರೂಢಿ ನಮ್ಮಲ್ಲೂ ಇತ್ತು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ 'ಬೇಡದವಳು' ಎಂಬರ್ಥದ 'ನಕೂಸಾ' ಹೆಸರು ಹೊತ್ತ ಇನ್ನೂರಕ್ಕೂ ಹೆಚ್ಚು ಹುಡುಗಿಯರಿಗೆ 2011ರಲ್ಲಿ ಆಡಳಿತವೇ ಮುಂದೆ ನಿಂತು ಹೊಸ ಹೆಸರು ಕೊಡಿಸಿತು. ಮೂರನೆಯ ಮಗಳಿಗೆ ಇಂಥ ಹೆಸರನ್ನು ಯಾರಾದರೂ ಹಿರಿಯರು ನಗುತ್ತ ಸೂಚಿಸಿದರೂ ಅಲ್ಲೇ ತಡೆಯಿರಿ.

ಹಂತ 8: ಈಗ ಅಭಿಪ್ರಾಯ ಕೇಳಿ

ಎರಡು ಅಥವಾ ಮೂರು ಹೆಸರು ಉಳಿದಿರುತ್ತವೆ. ನಾಲ್ಕೇ ಜನರನ್ನು ಆರಿಸಿ: ಮಗುವನ್ನು ದಿನಾ ಕರೆಯಲಿರುವ ಒಬ್ಬ ಹಿರಿಯರು, ಪ್ರತಿವರ್ಷ ಹೊಸ ಹಾಜರಿಪಟ್ಟಿ ನೋಡುವ ಒಬ್ಬ ಶಾಲಾ ಶಿಕ್ಷಕಿ, ಹತ್ತು ಹನ್ನೆರಡು ವರ್ಷದ ಒಂದು ಮಗು, ಕನ್ನಡ ಬಾರದ ಒಬ್ಬ ಪರಿಚಿತರು. ಅಣಕಿಸುವ ಪ್ರಾಸವನ್ನು ಆ ಮಗುವಿನಷ್ಟು ಬೇಗ ಯಾರೂ ಕಂಡುಹಿಡಿಯಲಾರರು, ಆದ್ದರಿಂದ ಅವನನ್ನೋ ಅವಳನ್ನೋ ಬಿಡಬೇಡಿ.

ಬರೆದು ತೋರಿಸಬೇಡಿ, ಫೋನಿನಲ್ಲಿ ಹೇಳಿ. ಒಂದು ಸಲಕ್ಕೆ ಒಂದೇ ಹೆಸರು. ಅರ್ಥ ಹೇಳಬೇಡಿ, ನಿಮಗೆ ಇಷ್ಟವೆಂದೂ ಹೇಳಬೇಡಿ. ಹೇಳಿಬಿಟ್ಟರೆ ಅವರು ಹೆಸರಿಗೆ ಉತ್ತರ ಕೊಡುವುದಿಲ್ಲ, ನಿಮ್ಮ ಮುಖಕ್ಕೆ ಉತ್ತರ ಕೊಡುತ್ತಾರೆ. ಮಾತು ಹೀಗೆ ಸಾಗಲಿ:

"ಅತ್ತೆ, ಒಂದು ಹೆಸರು ಹೇಳ್ತೀನಿ, ಹಾಗೇ ವಾಪಸ್ ಹೇಳಿ."

"ಹೇಳಮ್ಮ."

"ಸ್ಫೂರ್ತಿ."

"ಏನು, ಪೂರ್ತಿನಾ?"

ಇಷ್ಟು ಸಾಕು. ಅತ್ತೆಗೆ ಹೆಸರು ಇಷ್ಟವೋ ಇಲ್ಲವೋ ಎನ್ನುವುದಕ್ಕಿಂತ ಅವರು ಮಾಡಿದ ಈ ತಪ್ಪು ಹೆಚ್ಚು ಬೆಲೆಯುಳ್ಳದ್ದು. ಮಗಳು ಮುಂದೆ ಎಷ್ಟೋ ಸಲ ಫೋನಿನಲ್ಲಿ ಎದುರಿಸುವ ತಪ್ಪು ಅದೇ. ಆಮೇಲೆ ಮೂರು ಪ್ರಶ್ನೆ ಕೇಳಿ. ಇದನ್ನು ಬರೆಯಿರಿ ನೋಡೋಣ? ಈ ಹೆಸರಿನವಳು ಎದುರಿಗೆ ಬಂದರೆ ಎಷ್ಟು ವಯಸ್ಸಿನವಳು, ಎಂಥವಳು ಅನ್ನಿಸುತ್ತದೆ? ಮಾರನೆಯ ದಿನ: ನಿನ್ನೆ ಹೇಳಿದ ಹೆಸರು ನೆನಪಿದೆಯಾ? ಅನುಮತಿ ಪಡೆದು ಉತ್ತರಗಳನ್ನು ಮುದ್ರಿಸಿಕೊಳ್ಳಿ, ನಾಲ್ವರ ಬಾಯಲ್ಲೂ ಹೆಸರು ಹೇಗೆ ಕೇಳಿತೆಂದು ಇಬ್ಬರೂ ಕೂತು ಕೇಳಿ.

ಬಂದ ಮಾತುಗಳನ್ನು ಬೇರ್ಪಡಿಸುವುದು ಮುಂದಿನ ಕೆಲಸ. "ನನಗೆ ಅಷ್ಟು ಹಿಡಿಸಲಿಲ್ಲ" ಎಂಬುದು ರುಚಿ, ಬಿಟ್ಟುಬಿಡಿ. "ನಮ್ಮ ಆಫೀಸಲ್ಲಿ ಆ ಹೆಸರಿನವಳೊಬ್ಬಳಿದ್ದಳು, ಜಗಳಗಂಟಿ" ಎಂಬುದು ಅವರ ನೆನಪು, ನಿಮ್ಮ ಮಗಳಿಗೆ ಸಂಬಂಧವಿಲ್ಲ. "ಏನಂದ್ರಿ? ಇನ್ನೊಂದ್ಸಲ ಹೇಳಿ" ಎಂಬುದು ದೋಷದ ಗುರುತು. ಇಬ್ಬರು ಒಂದೇ ರೀತಿ ತಪ್ಪು ಕೇಳಿಸಿಕೊಂಡರೆ, ಇಬ್ಬರು ಒಂದೇ ಅಣಕ ಹೇಳಿದರೆ, ಮೂವರು ಬೇರೆ ಬೇರೆ ಕಾಗುಣಿತ ಬರೆದರೆ ನಿಂತು ಯೋಚಿಸಿ. ಅಂಥ ತಪ್ಪಿನೊಂದಿಗೆ ಬದುಕಲು ನೀವು ಸಿದ್ಧರಿದ್ದರೆ ಹೆಸರು ಉಳಿಸಿಕೊಳ್ಳಿ. ಸ್ಫೂರ್ತಿ ಎಂಬ ಹೆಸರಿನ ಎಷ್ಟೋ ಹೆಣ್ಣುಮಕ್ಕಳು ಅದನ್ನು ಸಂತೋಷದಿಂದಲೇ ಹೊತ್ತಿದ್ದಾರೆ.

ಯಾರಿಗೂ "ನಿಮ್ಮ ಮಾತಿನಂತೆ ಇಡ್ತೀವಿ" ಎಂದು ಬಾಯ್ತಪ್ಪಿಯೂ ಹೇಳಬೇಡಿ. ಆಮೇಲೆ ಇಡದಿದ್ದಾಗ ಆಗುವ ಮುನಿಸು ಮಗುವಿನ ಮೊದಲ ಹುಟ್ಟುಹಬ್ಬದವರೆಗೂ ಉಳಿಯುತ್ತದೆ.

ಹಂತ 9: ಮೂರು ದಿನ ಕರೆದು ನೋಡಿ, ಆಮೇಲೆ ಕಾಗದ

ಉಳಿದ ಹೆಸರನ್ನು ಮೂರು ದಿನ ಮನೆಯೊಳಗೆ ಬಳಸಿ. ಹಾಲು ಕುಡಿಸುವಾಗ, ಅಳು ಸಮಾಧಾನ ಮಾಡುವಾಗ, ಲಾಲಿ ಹಾಡಿನ ನಡುವೆ. ನಾಲಿಗೆ ತಾನಾಗಿಯೇ ಅದನ್ನು ಎತ್ತಿಕೊಂಡರೆ ಅದೇ ಹೆಸರು. ಮೂರನೆಯ ದಿನವೂ ನೆನಪಿಸಿಕೊಂಡು ಕರೆಯಬೇಕಾದರೆ ಎರಡನೆಯ ಹೆಸರಿಗೆ ಹೋಗಿ. ತೊಟ್ಟಿಲಿನ ದಿನ ಸೋದರತ್ತೆಗೆ ಹೆಸರನ್ನು ಬರೆದು ಕೊಡಿ, ಉಚ್ಚಾರವನ್ನೂ ಒಮ್ಮೆ ಹೇಳಿಸಿ. ತಟ್ಟೆಯ ಅಕ್ಕಿಯ ಮೇಲೆ ಬರೆಯುವವರಿಗೂ ಅದೇ ಚೀಟಿ ತೋರಿಸಿ.

ಆಸ್ಪತ್ರೆಯಲ್ಲಿ ಬಿಡುಗಡೆಯ ಹೊತ್ತಿಗೆ ಹೆಸರು ಕೇಳುತ್ತಾರೆಂದು ಅವಸರದಲ್ಲಿ ಯಾವುದನ್ನೋ ಬರೆಸುವುದು ಬಹಳ ದೊಡ್ಡ ತಪ್ಪು. ಜನನ ಮರಣ ನೋಂದಣಿ ಕಾಯ್ದೆ 1969ರ ಪ್ರಕಾರ ಹುಟ್ಟಿದ 21 ದಿನದೊಳಗೆ ಜನನದ ಮಾಹಿತಿ ಹೋಗಬೇಕು, ಹೆಸರು ಆಮೇಲೆ ಸೇರಬಹುದು. ಹೆಸರಿನ ಜಾಗ ಖಾಲಿ ಬಿಟ್ಟು ನೋಂದಾಯಿಸಿದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಲು ಅವಕಾಶವಿದೆ. ಕರ್ನಾಟಕದಲ್ಲಿ ಈ ದಾಖಲೆ ಇ-ಜನ್ಮ ವ್ಯವಸ್ಥೆಯಲ್ಲಿರುತ್ತದೆ. ಹಾಗೆಂದು ವರ್ಷಗಟ್ಟಲೆ ಬಿಡಬೇಡಿ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಆಧಾರ್ ಮುಂತಾದ ಕಡೆ ಹುಟ್ಟಿದ ದಿನ, ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ.

ಕ್ರಮ ಹೀಗಿರಲಿ: ಮೊದಲು ಜನನ ಪ್ರಮಾಣಪತ್ರದಲ್ಲಿ ಹೆಸರು, ಅದನ್ನು ನೋಡಿಕೊಂಡು ಆಧಾರ್, ಆಮೇಲೆ ಉಳಿದವು. ಐದು ವರ್ಷದೊಳಗಿನ ಮಗುವಿನ ಆಧಾರ್‌ಗೆ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ, 5 ಮತ್ತು 15ನೇ ವಯಸ್ಸಿನಲ್ಲಿ ನವೀಕರಿಸಬೇಕು. ಆಗ ಕಾಗುಣಿತವನ್ನೂ ಮತ್ತೊಮ್ಮೆ ನೋಡಿ.

ಹೆಸರು ಆಗಲೇ ಇಟ್ಟಾಗಿದೆ, ಈಗ ಒಗ್ಗುತ್ತಿಲ್ಲ ಎನ್ನುವವರಿಗೆ

ನೋಂದಣಿಯಲ್ಲಿ ಇನ್ನೂ ಹೆಸರು ಸೇರಿಲ್ಲದಿದ್ದರೆ ಕಳೆದುಕೊಂಡದ್ದು ಏನೂ ಇಲ್ಲ, ಹಂತ 3ರಿಂದ ಮತ್ತೆ ಶುರುಮಾಡಿ. ಸೇರಿದ್ದರೆ, ಮೊದಲು ತೊಂದರೆ ಎಲ್ಲಿದೆ ಎಂದು ಹಿಡಿಯಿರಿ. ಉಚ್ಚಾರದ್ದಾದರೆ ಮುದ್ದಿನ ಹೆಸರೊಂದು ಸಾಕಾಗಬಹುದು. ಕಾಗುಣಿತದ್ದಾದರೆ ತಿದ್ದುಪಡಿಗೆ ನೋಂದಾಯಿಸಿದ ಕಚೇರಿಗೇ ಹೋಗಿ, ಯಾವ ದಾಖಲೆ ಬೇಕೆಂದು ಅಲ್ಲೇ ಬರೆದುಕೊಂಡು ಬನ್ನಿ. ಇಡೀ ಹೆಸರನ್ನೇ ಬದಲಿಸುವುದು ತಪ್ಪು ತಿದ್ದುವುದಕ್ಕಿಂತ ಕಷ್ಟದ ದಾರಿ. ಅದನ್ನು ಮಾಡುವುದಾದರೆ ಮಗು ಶಾಲೆಗೆ ಸೇರುವ ಮುಂಚೆ ಮಾಡಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೈಗೆ ಬಂದ ಮೇಲೆ ತಿದ್ದಬೇಕಾದ ಕಾಗದಗಳೂ ಕಚೇರಿಗಳೂ ಹೆಚ್ಚುತ್ತವೆ. ಶಾಲೆಯ ದಾಖಲಾತಿ ಅರ್ಜಿಯನ್ನು ನೀವೇ ತುಂಬಿ, ಜನನ ಪ್ರಮಾಣಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರ ಹೋಲಿಸಿ. ಆಮೇಲೆ ಶಾಲೆಯ ರಿಜಿಸ್ಟರ್‌ನಲ್ಲಿ ಹೆಸರು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಹೇಗೆ ಏರಿದೆ ಎಂದು ಒಮ್ಮೆ ಕೇಳಿ ನೋಡಿಕೊಂಡು ಬನ್ನಿ.